ಶೇಕಡಾ ಎರಡರ ಶಿಸ್ತು

"ಬೆಟ್ಟಿಂಗ್‌ನಲ್ಲಿ ಮನೆ ಹಾಳು ಮಾಡ್ಕೊಳ್ಳೋರು ಯಾರು ಗೊತ್ತೇನಯ್ಯಾ? ಲೆಕ್ಕ ಬರದೋರು! ಲೆಕ್ಕ ಗೊತ್ತಿರೋನ ಹತ್ತಿರ ನಷ್ಟ ಅನ್ನೋದು ಸುಳಿಯೋದೂ ಇಲ್ಲ!"

ಮಿಲಿಗ್ರಾಂ ಸಾಹೇಬರು ಹೀಗೆ ಘೋಷಿಸಿದ್ದು ಒಂದು ಸೋಮವಾರ, ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ, ತೂಕ ಮತ್ತು ಅಳತೆ ಕಚೇರಿಯ ಮೂರನೆಯ ಕೋಣೆಯಲ್ಲಿ, ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಾ. ಕೇಳಿಸಿಕೊಂಡವನು ಎದುರು ಮೇಜಿನ ಟೈಪಿಸ್ಟ್ ಒಬ್ಬನೇ. ಆದರೆ ದನಿಯಲ್ಲಿ ಇಡೀ ಮನುಕುಲಕ್ಕೆ ಬುದ್ಧಿ ಹೇಳುವ ಗಾಂಭೀರ್ಯವಿತ್ತು.

ಟೈಪಿಸ್ಟ್ ಆ ಹೊತ್ತು ಬುದ್ಧಿ ಕೇಳುವ ಸ್ಥಿತಿಯಲ್ಲೇ ಇದ್ದ. ಮೊಬೈಲಿನಲ್ಲಿ ಫುಟ್‌ಬಾಲ್ ಪಂದ್ಯಗಳ ಮೇಲೆ ಪಣ ಕಟ್ಟಿ ಮೂರು ದಿನದಲ್ಲಿ ಮೂರು ಸಾವಿರ ಕಳೆದುಕೊಂಡಿದ್ದ. ಮೊದಲ ದಿನ ಐನೂರು, ಎರಡನೆಯ ದಿನ ಸಾವಿರ, ಮೂರನೆಯ ದಿನ ಸಿಟ್ಟಿನಲ್ಲಿ ಒಂದೂವರೆ ಸಾವಿರ.

"ನೋಡಿದ್ಯಾ? ಸೋತಷ್ಟೂ ಪಣ ದೊಡ್ಡದು ಮಾಡಿದ್ದೀಯ! ಇದು ಆಟ ಅಲ್ಲ ಕಣಯ್ಯಾ, ಆತ್ಮಹತ್ಯೆ!" ಎಂದರು ಸಾಹೇಬರು.

"ನಂಗೆ ಲೆಕ್ಕ ಬರಲ್ಲ ಸಾರ್. ಅದಕ್ಕೇ ಬಿಟ್ಟುಬಿಟ್ಟೆ," ಎಂದು ಟೈಪಿಸ್ಟ್ ಮೊಸರನ್ನ ಕಲಸತೊಡಗಿದ.

ಸಾಹೇಬರು ಅವನತ್ತ ಕನಿಕರದಿಂದ ನೋಡಿದರು. ಆ ಕನಿಕರವನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಯಾರ ಕಡೆಯಿಂದ ಯಾರ ಕಡೆಗೆ ಹರಿಯುತ್ತದೆ ಎನ್ನುವುದೇ ಈ ಕಥೆ.

ಮಿಲಿಗ್ರಾಂ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಮಾರುಕಟ್ಟೆಯ ವ್ಯಾಪಾರಿಗಳು ಇಟ್ಟದ್ದು. ವಿಜ್ಞಾನದ ಪದವಿ ಪಡೆದು, ಇಪ್ಪತ್ತೆರಡು ವರ್ಷ ಊರಿನ ತಕ್ಕಡಿಗಳನ್ನೆಲ್ಲ ಪರೀಕ್ಷಿಸಿ ಮುದ್ರೆ ಒತ್ತಿದವರು ಅವರು. ಕಚೇರಿಯ ಪ್ರಮಾಣದ ತೂಕಗಳನ್ನು ಎಂದೂ ಬರಿಗೈಯಲ್ಲಿ ಮುಟ್ಟಿದವರಲ್ಲ. ಬೆರಳ ಬೆವರು ತಾಗಿದರೆ ತೂಕ ಹೆಚ್ಚುತ್ತದಂತೆ! ಚಿಮಟದಲ್ಲಿ ಎತ್ತಿ, ಉಸಿರು ಬಿಗಿಹಿಡಿದು ತಟ್ಟೆಗಿಟ್ಟು, ಮುಳ್ಳು ನಿಂತ ಮೇಲೆ ಉಸಿರು ಬಿಡುವುದು. ಈರುಳ್ಳಿ ಮಾರುವವನ ಮುಂದೆ ಇಂಥ ಪೂಜೆ ನಡೆದರೆ ಅವನು ಬೇರೇನು ಹೆಸರಿಟ್ಟಾನು?

ಅಂಥವರಿಗೆ ಟೈಪಿಸ್ಟ್‌ನ ಸೋಲಿನಲ್ಲಿ ಕಂಡದ್ದು ಮೂರು ಸಾವಿರದ ನಷ್ಟವಲ್ಲ, ವಿಧಾನದ ದೋಷ. ದೋಷ ಕಂಡ ಮೇಲೆ ತಿದ್ದದೆ ಇರುವುದು ಅವರ ಜಾಯಮಾನವಲ್ಲ. ಒಂದು ವಾರ ಓದಿದರು, ಗೆರೆಯ ಪುಸ್ತಕ ತಂದರು, ಮೊದಲ ಪುಟದಲ್ಲಿ ಮೂರು ನಿಯಮ ಬರೆದು ಕೆಳಗೆ ತಾವೇ ಸಹಿ ಹಾಕಿ ದಿನಾಂಕ ನಮೂದಿಸಿದರು. ಒಂದು ಪಣ ಮೂಲಧನದ ಶೇಕಡಾ ಎರಡನ್ನು ಎಂದೆಂದಿಗೂ ಮೀರಕೂಡದು. ದಿನಕ್ಕೆ ಮೂರು ಪಣಕ್ಕಿಂತ ಹೆಚ್ಚು ಕೂಡದು. ಸೋತಾಗ ಸಿಟ್ಟಿನಲ್ಲಿ ಮುಂದಿನ ಪಣ ಕಟ್ಟಕೂಡದು. ಒಂದು ಲೋಟ ನೀರು ಕುಡಿದು ಹತ್ತು ನಿಮಿಷ ಕಾಯತಕ್ಕದ್ದು.

ಮನೆಯಲ್ಲಿ ಈ ಸಂವಿಧಾನವನ್ನು ಮಂಡಿಸಿದ್ದು ಅಂದೇ ಸಂಜೆ. ಹೆಂಡತಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಕಾಲು ಮಡಿಸುತ್ತಿದ್ದರು. ಬೀದಿಗೆಲ್ಲ ಅವರು ಟೈಲರಮ್ಮ. ಹದಿನಾರು ವರ್ಷದಿಂದ ಆ ಕಿಟಕಿಯೇ ಅವರ ಅಂಗಡಿ. ಗಿರಾಕಿ ಬಂದರೆ ಸಾಹೇಬರು ಪೇಪರು ಹಿಡಿದು ಅಡುಗೆಮನೆಗೆ ಹೋಗಬೇಕು, ಅಳತೆ ಕೊಡುವವರು ನಾಚಿಕೊಳ್ಳುತ್ತಾರೆ.

"ಎರಡು ಪರ್ಸೆಂಟ್ ದಾಟಲ್ಲ. ಆಕಾಶ ಬಿದ್ದರೂ ದಾಟಲ್ಲ!" ಎಂದರು ಸಾಹೇಬರು.

ಟೈಲರಮ್ಮ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಕೇಳಿದರು: "ಯಾವುದರ ಎರಡು ಪರ್ಸೆಂಟು?"

"ಮೂಲಧನದ್ದು."

"ಅಂದ್ರೆ?"

"ಆಟಕ್ಕೆ ಅಂತ ಬೇರೆ ಎತ್ತಿಟ್ಟ ದುಡ್ಡು. ಅದಷ್ಟೂ ಹೋದ್ರೂ ಮನೇಲಿ ಯಾರ ತಟ್ಟೇಲೂ ಒಂದು ತುತ್ತು ಕಮ್ಮಿ ಆಗಬಾರದು. ಅಂಥ ದುಡ್ಡಿಗೆ ಮಾತ್ರ ಮೂಲಧನ ಅನ್ನೋದು. ನಂಗೆ ಬಂದ ಬಾಕಿ ಭತ್ಯೆ ಇದೆಯಲ್ಲ, ಇಪ್ಪತ್ತು ಸಾವಿರ, ಅಷ್ಟೇ. ಒಂದು ಸಲಕ್ಕೆ ನಾನೂರು."

"ನಮ್ಮ ಜಂಟಿ ಖಾತೆಗೆ ಕೈ ಹಾಕಲ್ಲ ತಾನೆ?"

"ಛೆ! ಅದು ನಿನ್ನ ಅಂಗಡಿ ದುಡ್ಡು. ಅದರ ನೆರಳೂ ತುಳಿಯಲ್ಲ!"

ಆ ಅಂಗಡಿಯ ವಿಷಯ ಇಲ್ಲಿ ಹೇಳಲೇಬೇಕು. ಮುಖ್ಯ ರಸ್ತೆಯಲ್ಲಿ ಔಷಧಿ ಅಂಗಡಿಯ ಪಕ್ಕ ಒಂದು ಮಳಿಗೆ ಖಾಲಿಯಾಗುವುದಿತ್ತು. ಮೂರು ಮೆಟ್ಟಿಲು, ಒಂದು ಶಟರು, ಉತ್ತರಕ್ಕೊಂದು ಕಿಟಕಿ. ದಿನವಿಡೀ ಕಣ್ಣು ಕುಕ್ಕದ ಬೆಳಕು. ಟೈಲರಮ್ಮ ಟೇಪು ಹಿಡಿದು ಹೋಗಿ ಎರಡು ಸಲ ಅಳೆದು ಬಂದಿದ್ದರು: ಹನ್ನೊಂದು ಅಡಿ, ಒಂಬತ್ತು ಅಡಿ. ಯಂತ್ರ ಎಲ್ಲಿ, ಕತ್ತರಿಸುವ ಮೇಜು ಎಲ್ಲಿ, ಬಟ್ಟೆ ಹಾಕಿ ನೋಡುವವರಿಗೆ ಪರದೆ ಎಲ್ಲಿ ಎಂದು ಕಾಗದದ ಮೇಲೆ ಗೀಚಿ ಕನ್ನಡಿಯ ಅಂಚಿಗೆ ಸಿಕ್ಕಿಸಿದ್ದರು. ಔಷಧಿ ಅಂಗಡಿಯ ಯಜಮಾನರು ಕೇಳಿದ ಮುಂಗಡ ಒಂದು ಲಕ್ಷದ ಎಂಬತ್ತು ಸಾವಿರ. ಟೈಲರಮ್ಮ ಆರು ವರ್ಷ ಶಾಲೆಯ ಸಮವಸ್ತ್ರ, ದಿಂಬಿನ ಚೀಲ, ಹರಿದ ಜಿಪ್ಪು ಎಂದು ಹೊಲಿದು ಹೊಲಿದು ಕೂಡಿಟ್ಟದ್ದೂ ಅಷ್ಟೇ. ಮಳಿಗೆ ಕೈಗೆ ಬರಲು ಇನ್ನು ನಾಲ್ಕು ತಿಂಗಳಿತ್ತು.

ಸಾಹೇಬರು ಆರಿಸಿಕೊಂಡದ್ದು ಫುಟ್‌ಬಾಲನ್ನಲ್ಲ, ಟೇಬಲ್ ಟೆನಿಸನ್ನು! ಫುಟ್‌ಬಾಲ್ ಪಂದ್ಯ ವಾರಕ್ಕೆ ನಾಲ್ಕು ಸಿಕ್ಕರೆ ಹೆಚ್ಚು. ಪ್ರಯೋಗಕ್ಕೆ ಮಾದರಿಗಳು ಸಾಲವು. ಟೇಬಲ್ ಟೆನಿಸ್ ಆದರೆ ಯಾವುದೋ ದೂರದ ಊರಿನ ಆಟದ ಹಾಲ್‌ನಲ್ಲಿ, ಒಬ್ಬ ಪ್ರೇಕ್ಷಕನೂ ಇಲ್ಲದೆ, ಬೆಳಗಿಂದ ಸಂಜೆಯವರೆಗೆ ಟಿಕ್ ಟಿಕ್ ಎಂದು ನಡೆದೇ ಇರುತ್ತದೆ. ಸಾಹೇಬರು ಜನ್ಮದಲ್ಲಿ ಬ್ಯಾಟು ಮುಟ್ಟಿದವರಲ್ಲ. ಆಟಗಾರರ ಹೆಸರು ಉಚ್ಚರಿಸಲೂ ಬಾರದು. ಒಬ್ಬನಿಗೆ ಬೋಳಣ್ಣ, ಇನ್ನೊಬ್ಬನಿಗೆ ಮಂಡಿಪಟ್ಟಿ ಎಂದು ತಾವೇ ಹೆಸರಿಟ್ಟರು. ಅವರ ವಿಧಾನ ಸರಳ: ಬಲಗೈಯವನೂ ಎಡಗೈಯವನೂ ಎದುರಾದರೆ ಎಡಗೈಯವನ ಮೇಲೆ ಕಟ್ಟುವುದು.

ಮೊದಲ ತಿಂಗಳು ನಲವತ್ತು ಪಣ. ಇಪ್ಪತ್ತಮೂರು ಗೆಲುವು, ಹದಿನೇಳು ಸೋಲು. ನೂರು ಕಟ್ಟಿ ಗೆದ್ದರೆ ಮೇಲೆ ಎಂಬತ್ತಮೂರು ಕೊಡುವ ಆಟ ಅದು. ಎಲ್ಲ ಕಳೆದು ಕೂಡಿ ಉಳಿದ ಲಾಭ ಎಂಟುನೂರ ಮೂವತ್ತಾರು!

"ನೋಡು! ವಿಧಾನ ಅಂದ್ರೆ ಇದು!" ಎಂದು ಸಾಹೇಬರು ಪುಸ್ತಕ ಬಿಚ್ಚಿ ತೋರಿಸಿದರು.

"ಒಂದು ತಿಂಗಳಿಗೆ ಎಂಟುನೂರ ಮೂವತ್ತಾರಾ?" ಎಂದರು ಟೈಲರಮ್ಮ. "ನಾನು ಈ ವಾರ ಮಡಿಸಿರೋ ಪ್ಯಾಂಟ್ ಕಾಲುಗಳಿಗೇ ಅದಕ್ಕಿಂತ ಜಾಸ್ತಿ ಬಂತಲ್ರೀ. ನೀವೂ ಕೂತು ಗುಂಡಿ ಹೊಲೀಬಹುದಿತ್ತು."

ನಲವತ್ತು ಮಾದರಿಯನ್ನು ನಂಬಿ ಯಾವ ವ್ಯಾಪಾರಿಯ ತಕ್ಕಡಿಗೂ ಸಾಹೇಬರು ಮುದ್ರೆ ಒತ್ತುತ್ತಿರಲಿಲ್ಲ. "ಇನ್ನೂ ನಾನೂರು ಸಲ ತೂಗಿ ತೋರಿಸಯ್ಯಾ" ಎನ್ನುತ್ತಿದ್ದರು. ಆದರೆ ತಮ್ಮದೇ ತಕ್ಕಡಿ ನೋಡಿ! ಒತ್ತಿಬಿಟ್ಟರು.

ಮುಂದಿನ ಎರಡು ತಿಂಗಳಲ್ಲಿ ಜಗತ್ತಿನ ಎಡಗೈಯವರೆಲ್ಲ ಒಳಗೊಳಗೇ ಮಾತಾಡಿಕೊಂಡವರಂತೆ ಸೋಲತೊಡಗಿದರು. ಸಾಹೇಬರು ಲೋಟ ಲೋಟ ನೀರು ಕುಡಿದರು. ಕಚೇರಿಯ ಹೂಜಿ ಮಧ್ಯಾಹ್ನಕ್ಕೇ ಬರಿದಾಗುತ್ತಿತ್ತು. "ಸಕ್ಕರೆ ಕಾಯಿಲೆ ಏನಾದ್ರೂ ನೋಡಿಸ್ಕೊಳ್ಳಿ ಸಾರ್," ಎಂದ ಟೈಪಿಸ್ಟ್. ಮೂಲಧನ ಹದಿನಾಲ್ಕು ಸಾವಿರಕ್ಕಿಳಿಯಿತು. ಪಣ ಇನ್ನೂರ ಎಂಬತ್ತಕ್ಕಿಳಿಯಿತು.

ಗಂಟು ಕರಗಿದಂತೆ ಪಣವೂ ಕರಗಬೇಕು, ಆಟಗಾರ ಒಂದೇಟಿಗೆ ಮುಳುಗಬಾರದು ಎಂಬುದೇ ಆ ನಿಯಮದ ತಿರುಳು. ಸಾಹೇಬರಿಗೆ ಅದು ಚೆನ್ನಾಗಿಯೇ ಗೊತ್ತಿತ್ತು. ಆದರೆ ಇನ್ನೂರ ಎಂಬತ್ತು ಎಂಬ ಅಂಕಿ ಅವರ ಮಾನಕ್ಕೆ ಬಡಿಯಿತು. ಪದವೀಧರನೊಬ್ಬ ಇನ್ನೂರ ಎಂಬತ್ತು ಕಟ್ಟಿಕೊಂಡು ಕಳೆದ ಆರು ಸಾವಿರವನ್ನು ಯಾವ ಜನ್ಮದಲ್ಲಿ ಹಿಂದೆ ತರಬೇಕು? ಹಾಗೆಂದು ನಿಯಮ ಮುರಿಯುವುದುಂಟೆ? ಶಿವ ಶಿವಾ! ಸಹಿ ಹಾಕಿದ ನಿಯಮ!

ಅದೇ ವಾರ ಮಾರುಕಟ್ಟೆಯಲ್ಲಿ ಸಾಹೇಬರು ಒಬ್ಬ ಆಲೂಗಡ್ಡೆ ವ್ಯಾಪಾರಿಯ ತಕ್ಕಡಿ ವಶಪಡಿಸಿಕೊಂಡಿದ್ದರು. ಅವನು ಬುಟ್ಟಿಯ ತೂಕ ಕಳೆಯದೆ, ಬುಟ್ಟಿಯನ್ನೂ ಆಲೂಗಡ್ಡೆಯ ಲೆಕ್ಕಕ್ಕೆ ಸೇರಿಸಿ ಮಾರುತ್ತಿದ್ದ. "ಬುಟ್ಟಿ ಬೇಯಿಸ್ಕೊಂಡು ತಿನ್ನಕ್ಕಾಗುತ್ತೇನಯ್ಯಾ?" ಎಂದು ನಾಲ್ಕು ಜನರೆದುರು ಗದರಿ, ಮನೆಗೆ ಬಂದು ಹೆಂಡತಿಗೂ ಹೇಳಿಕೊಂಡು ನಕ್ಕಿದ್ದರು.

ನಕ್ಕು, ಕೈಕಾಲು ತೊಳೆದು, ಪುಸ್ತಕ ತೆಗೆದು ಕೂತರು. ಆಗ ಹೊಳೆಯಿತು ಆ ಮಹಾಸತ್ಯ: ನಿಯಮದಲ್ಲಿ ತಪ್ಪಿಲ್ಲ, ಮೂಲಧನದ ವ್ಯಾಖ್ಯೆಯಲ್ಲಿದೆ! ಮನುಷ್ಯನ ಮೂಲಧನ ಎಂದರೆ ಮೊಬೈಲಿನೊಳಗಿನ ಹದಿನಾಲ್ಕು ಸಾವಿರ ಮಾತ್ರವೇ? ಸ್ಕೂಟರು ಅವನದಲ್ಲವೇ? ಸವಕಳಿ ಕಳೆದು ಇಪ್ಪತ್ತಾರು ಸಾವಿರ. ಫ್ರಿಜ್ಜು, ಮಂಚ, ಬೀರು, ಫ್ಯಾನು ಮುಂತಾದ ಗೃಹೋಪಯೋಗಿ ವಸ್ತುಗಳು, ತೊಂಬತ್ತು ಸಾವಿರ. ಇನ್ನು ಹನ್ನೊಂದು ವರ್ಷಕ್ಕೆ ನಿವೃತ್ತಿಯಾದಾಗ ಬರುವ ಇಡಿಗಂಟು, ಆರು ಲಕ್ಷದ ತೊಂಬತ್ತು ಸಾವಿರ. ಮತ್ತು... ಪೆನ್ನು ಸ್ವಲ್ಪ ತಡವರಿಸಿತು... ಜಂಟಿ ಖಾತೆ. ಹೆಸರಿಗಷ್ಟೇ ಸೇರಿಸುವುದು, ಮುಟ್ಟುವುದಿಲ್ಲ. ಒಂದು ಲಕ್ಷದ ಎಂಬತ್ತು ಸಾವಿರ.

ಕೂಡಿದರು. ಸರಿಯಾಗಿ ಹತ್ತು ಲಕ್ಷ! ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇಷ್ಟು ದುಂಡಗಿನ ಮೊತ್ತ ಸುಳ್ಳಾಗಲು ಸಾಧ್ಯವೇ? ಶೇಕಡಾ ಎರಡು ಎಂದರೆ ಇಪ್ಪತ್ತು ಸಾವಿರ. ಅದರ ಪಕ್ಕದಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದರು: 'ನಿಯಮದ ಮಿತಿಯೊಳಗೆ ಇದೆ.'

ಒಂದೇ ಒಂದು ಸಣ್ಣ ತೊಡಕು. ಮೊಬೈಲಿನೊಳಕ್ಕೆ ಸ್ಕೂಟರು ತೂರುವುದಿಲ್ಲ. ಫ್ರಿಜ್ಜಿನ ಶೇಕಡಾ ಎರಡನ್ನು ಕತ್ತರಿಸಿ ಕಟ್ಟಲು ಬರುವುದಿಲ್ಲ. ಹನ್ನೊಂದು ವರ್ಷದ ನಂತರದ ದುಡ್ಡು ಇವತ್ತು ಮಧ್ಯಾಹ್ನ ಬಾ ಎಂದರೆ ಬರುವುದಿಲ್ಲ. ಹತ್ತು ಲಕ್ಷದಲ್ಲಿ ಕರೆದ ಕೂಡಲೇ ಎದ್ದು ಬರುವ ದುಡ್ಡು ಎರಡೇ ಕಡೆ ಇತ್ತು: ತಮ್ಮ ಹದಿನಾಲ್ಕು ಸಾವಿರ ಮತ್ತು ಟೈಲರಮ್ಮನ ಆರು ವರ್ಷ.

ಮೊದಲ ಪಣಕ್ಕೆ ಜಂಟಿ ಖಾತೆಯಿಂದ ಆರು ಸಾವಿರ ಮಾತ್ರ ತೆಗೆದರು. "ಸಂಜೆಗೆ ವಾಪಸ್ ಹಾಕಿದರಾಯಿತು" ಎಂದುಕೊಂಡರು. ಬೋಳಣ್ಣ ಎಡಗೈಯವನು. ಎರಡು ಆಟ ಮುಂದಿದ್ದ. ಮೂರನೆಯದರಲ್ಲಿ ಬೆವರಿದ ಬ್ಯಾಟು ಕೈಜಾರಿತು. ಆಮೇಲೆ ಅವನು ಚೇತರಿಸಿಕೊಳ್ಳಲೇ ಇಲ್ಲ. ಮಂಡಿಪಟ್ಟಿ ಗೆದ್ದು ಮಂಡಿ ನೀವಿಕೊಂಡ.

ಸಾಹೇಬರು ನೀರು ಕುಡಿದರು. ಹತ್ತು ನಿಮಿಷ ಗಡಿಯಾರ ನೋಡಿ ಕಾದರು. ಮೂಲಧನ ಈಗ ಒಂಬತ್ತು ಲಕ್ಷದ ಎಂಬತ್ತು ಸಾವಿರ. ಪಣ ಹತ್ತೊಂಬತ್ತು ಸಾವಿರದ ಆರುನೂರು. ನೋಡಿ, ಇಳಿಸಿದರು! ಟೈಪಿಸ್ಟ್‌ನ ಹಾಗೆ ಸಿಟ್ಟಿನಲ್ಲಿ ಏರಿಸಲಿಲ್ಲ!

ಹೀಗೆ ಒಂಬತ್ತು ದಿನ. ದಿನಕ್ಕೆ ಮೂರೇ ಪಣ, ನಾಲ್ಕನೆಯದರ ಹೆಸರೆತ್ತಲಿಲ್ಲ. ಇಪ್ಪತ್ತೇಳು ಪಣ, ಒಂಬತ್ತು ಗೆಲುವು, ಹದಿನೆಂಟು ಸೋಲು. ಯಾವುದೂ ಶೇಕಡಾ ಎರಡನ್ನು ಒಂದು ಕಾಸಿನಷ್ಟೂ ಮೀರಲಿಲ್ಲ. ಹದಿನೆಂಟು ಸೋಲಿಗೂ ಹದಿನೆಂಟು ಲೋಟ ನೀರು. ಇಷ್ಟು ಶಿಸ್ತಿನಿಂದ, ಇಷ್ಟು ಸಂಯಮದಿಂದ, ಇಷ್ಟು ಅಂದವಾದ ಕೈಬರಹದಲ್ಲಿ ಹಾಳಾದ ಮನುಷ್ಯ ಇನ್ನೊಬ್ಬನಿರಲಾರ.

ಒಂಬತ್ತನೆಯ ದಿನ ಸಂಜೆ ಲೆಕ್ಕ ಮುಗಿಸಿದರು. ಮೂಲಧನ ಎಂಟು ಲಕ್ಷದ ಆರು ಸಾವಿರದ ನೂರ ಐವತ್ತೆಂಟು. ಶೇಕಡಾ ಎಂಬತ್ತು ಭಾಗ ಸುರಕ್ಷಿತ! ಮುಂದಿನ ಪಣ ಎಷ್ಟು ಎಂದು ಗುಣಿಸಹೊರಟವರು, ಎಲ್ಲಿಂದ ತೆಗೆಯಬೇಕು ಎಂದು ನೋಡಿದರು. ಸ್ಕೂಟರು, ಫ್ರಿಜ್ಜು, ನಿವೃತ್ತಿ ಸೇರಿ ಎಂಟು ಲಕ್ಷದ ಆರು ಸಾವಿರ. ಉಳಿದದ್ದು ನೂರ ಐವತ್ತೆಂಟು. ಆಗ ಮೊದಲ ಬಾರಿಗೆ ಬೆನ್ನಹುರಿಯಲ್ಲಿ ತಣ್ಣಗಾಯಿತು. ಕುಡಿದ ನೀರೆಲ್ಲ ಅಲ್ಲಿಗೇ ಇಳಿದಂತಿತ್ತು.

ಮುಂಗಡ ಕೊಡಲು ಇನ್ನು ನಾಲ್ಕು ದಿನವಿತ್ತು. ನಾಲ್ಕು ದಿನವೂ ಸಾಹೇಬರು ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಟೈಲರಮ್ಮ ತಾವೇ ಹೊಲಿದುಕೊಂಡ ಹೊಸ ಬಟ್ಟೆ ತೊಟ್ಟು, ಟೇಪನ್ನು ಕೈಚೀಲಕ್ಕೆ ಹಾಕಿಕೊಂಡು ಬಂದು ನಿಂತರು.

"ರೀ, ಪಾಸ್‌ಬುಕ್ ಎಲ್ಲಿ? ಔಷಧಿ ಅಂಗಡಿಯವರು ಹತ್ತು ಗಂಟೆಗೆ ಬನ್ನಿ ಅಂದಿದ್ದಾರೆ."

"ಅದು... ಮೂಲಧನ ಎಂಬತ್ತು ಪರ್ಸೆಂಟ್ ಹಾಗೇ ಇದೆ, ಗಾಬರಿಯಾಗ್ಬೇಡ," ಎಂದರು ಸಾಹೇಬರು.

"ನಾನೆಲ್ಲಿ ಗಾಬರಿಯಾದೆ? ಪಾಸ್‌ಬುಕ್ ಕೇಳಿದೆ."

ಸಾಹೇಬರು ಪಾಸ್‌ಬುಕ್ ಕೊಡಲಾರದೆ ಗೆರೆಯ ಪುಸ್ತಕ ಕೊಟ್ಟರು. ಟೈಲರಮ್ಮ ನಿಂತುಕೊಂಡೇ ಓದಿದರು. ಹತ್ತು ಲಕ್ಷದ ಪುಟಕ್ಕೆ ಬಂದಾಗ ಬೆರಳಿಟ್ಟು ಒಂದೊಂದೇ ಸಾಲು ಇಳಿದರು. ಗೃಹೋಪಯೋಗಿ ವಸ್ತುಗಳ ವಿವರದಲ್ಲಿ ಬೆರಳು ನಿಂತಿತು.

"ಹೊಲಿಗೆ ಮಿಷನ್, ಒಂದು, ಹನ್ನೊಂದು ಸಾವಿರ. ನನ್ನ ಮಿಷನ್ನೂ ಸೇರಿಸಿದ್ದೀರಾ?"

"ಬೆಲೆ ಮಾತ್ರ ಕಣೇ. ಮಿಷನ್ ಇಲ್ಲೇ ಇದೆಯಲ್ಲ!"

"ಇದೆ. ಅದು ದುಡಿದದ್ದೆಲ್ಲಿ?"

ಸಾಹೇಬರು ನಿಯಮ ಮೀರಲಿಲ್ಲವೆಂಬುದನ್ನು ವಿವರಿಸಲು ಹೊರಟರು. ಟೈಲರಮ್ಮ ಕೈಯೆತ್ತಿ ತಡೆದರು.

"ಹೋದ್ರೂ ಯಾರ ತಟ್ಟೇಲೂ ತುತ್ತು ಕಮ್ಮಿಯಾಗಬಾರದು, ಅಂಥದ್ದು ಮೂಲಧನ ಅಂದಿದ್ರಿ. ನಾನು ಅವತ್ತು ಕೇಳಿದ್ದು ಅದನ್ನೇ ಅಲ್ವಾ, ಯಾವುದರ ಎರಡು ಪರ್ಸೆಂಟು ಅಂತ? ನಂಗೆ ಬಟ್ಟೆ ಸಾಲದೆ ಹೋದ್ರೆ ಸಾಲದು ಅಂತೀನಿ. ಗಿರಾಕಿ ಸೊಂಟಾನ ನನಗೆ ಬೇಕಾದ ಹಾಗೆ ಬರ್ಕೊಳ್ಳಲ್ಲ. ಆ ಆಲೂಗಡ್ಡೆಯವನ ತಕ್ಕಡಿ ಎತ್ಕೊಂಡು ಬಂದ್ರಲ್ಲ ನೀವು, ಬುಟ್ಟಿ ಸೇರಿಸಿ ತೂಗಿದ ಅಂತ. ನೀವು ಬುಟ್ಟಿ ಸೇರಿಸಿದ್ರಿ, ಅಂಗಡಿ ಸೇರಿಸಿದ್ರಿ, ನನ್ನನ್ನೂ ಸೇರಿಸಿ ತೂಗಿಬಿಟ್ರಿ. ನಿಮ್ಮ ತಕ್ಕಡಿ ಯಾರು ರೀ ಎತ್ಕೊಂಡು ಹೋಗೋದು?"

ಅಳಲಿಲ್ಲ, ಕೂಗಲಿಲ್ಲ. ಅತ್ತಿದ್ದರೆ ಸಾಹೇಬರು ಸಮಾಧಾನ ಮಾಡಬಹುದಿತ್ತು, ಕೂಗಿದ್ದರೆ ತಾವೂ ಕೂಗಬಹುದಿತ್ತು. ಟೈಲರಮ್ಮ ಹೊಸ ಬಟ್ಟೆಯಲ್ಲೇ ಒಬ್ಬರೇ ಹೋಗಿ, ಮಳಿಗೆಯನ್ನು ಬೇರೆಯವರಿಗೆ ಕೊಡಿ ಎಂದು ಔಷಧಿ ಅಂಗಡಿಯವರಿಗೆ ಹೇಳಿ ಬಂದರು. ಬಂದವರು ಕನ್ನಡಿಗೆ ಸಿಕ್ಕಿಸಿದ್ದ ಕಾಗದ ತೆಗೆದು ಮಡಿಸಿ ಯಂತ್ರದ ಖಾನೆಯಲ್ಲಿಟ್ಟರು. ಆಮೇಲೆ ನೆರಿಗೆ ಹಾಕುವುದಿದ್ದ ಪರದೆಯೊಂದನ್ನು ತೆಗೆದುಕೊಂಡು ಹೊಲಿಯಲು ಕೂತರು. ಯಂತ್ರದ ಸದ್ದು ಅಂದು ಸಂಜೆಯವರೆಗೂ ನಿಲ್ಲಲಿಲ್ಲ. ಸಾಹೇಬರಿಗೆ ಅದು ದೂರದ ಆಟದ ಹಾಲ್‌ನ ಟಿಕ್ ಟಿಕ್‌ಗಿಂತ ನೂರು ಪಾಲು ಗಟ್ಟಿಯಾಗಿ ಕೇಳಿಸಿತು.

ಮರುದಿನ ಊಟದ ಹೊತ್ತಿನಲ್ಲಿ ಟೈಪಿಸ್ಟ್ ಕೇಳಿದ: "ಸಾರ್, ನಿಮ್ಮ ವಿಧಾನ ಹೇಗೆ ನಡೀತಿದೆ?"

"ನಿಲ್ಲಿಸಿದ್ದೀನಿ."

"ಎಷ್ಟು ಹೋಯ್ತು ಸಾರ್?"

"ನನ್ನ ಲೆಕ್ಕದಲ್ಲಿ ಇಪ್ಪತ್ತು ಪರ್ಸೆಂಟಿಗಿಂತ ಕಡಿಮೆ," ಎಂದರು ಸಾಹೇಬರು. ಟೈಪಿಸ್ಟ್ ತನ್ನ ಡಬ್ಬಿಯಿಂದ ಒಂದು ಹಿಡಿ ಅನ್ನ ಅವರ ಕಡೆಗೆ ಸರಿಸಿದ. ಆ ಕನಿಕರವನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಇದೇ ಅದು. ಮೂರು ಸಾವಿರ ಕಳೆದುಕೊಂಡು ಎದ್ದುಹೋದ ಲೆಕ್ಕ ಬಾರದವನದು.

ಶನಿವಾರ ಟೈಲರಮ್ಮ ಸ್ಕೂಟರಿನ ಕಾಗದಪತ್ರ ತಂದು ಮುಂದಿಟ್ಟರು. ಸಾಹೇಬರು ಸಹಿ ಹಾಕಿದರು. ಪುಸ್ತಕದಲ್ಲಿ ಇಪ್ಪತ್ತಾರು ಸಾವಿರವೆಂದಿದ್ದ ಸ್ಕೂಟರು ಹದಿನೆಂಟಕ್ಕೆ ಹೋಯಿತು. "ಇದರಲ್ಲೂ ಎಂಟು ಸಾವಿರ ಬುಟ್ಟಿ!" ಎಂದರು ಟೈಲರಮ್ಮ. ಆ ದುಡ್ಡಿನಲ್ಲಿ ಬಟ್ಟೆಯ ಅಂಚು ಹೊಲಿಯುವ ಹಳೆಯ ಯಂತ್ರವೊಂದು, ಕತ್ತರಿಸುವ ಮೇಜೊಂದು ಬಂದವು.

ಸೋಮವಾರ ಸಾಹೇಬರು ಕಚೇರಿಯಿಂದ ಎರಡು ಮೈಲಿ ನಡೆದು ಮನೆ ಸೇರುವ ಹೊತ್ತಿಗೆ ಮುಂದಿನ ಕೋಣೆ ಮಾಯವಾಗಿತ್ತು! ಸೋಫಾ ಇಲ್ಲ, ಟಿವಿ ಇಲ್ಲ, ಅವರ ಆರಾಮ ಕುರ್ಚಿ ಇಲ್ಲ. ಕಿಟಕಿಗೆ ಒಂದು ಯಂತ್ರ, ಗೋಡೆಗೆ ಇನ್ನೊಂದು, ನಡುವೆ ಮೇಜು, ಮೂಲೆಯಲ್ಲಿ ಪರದೆ. ಕನ್ನಡಿಯ ಅಂಚಿನಲ್ಲಿ ಅದೇ ಕಾಗದ ಮತ್ತೆ ಕೂತಿತ್ತು. ಬಾಗಿಲಿಗೆ ಒಂದು ರಟ್ಟು: 'ಹೊಲಿಗೆ. ಸಂಜೆ ಏಳರವರೆಗೆ.'

"ನಾನೆಲ್ಲಿ ಕೂತ್ಕೊಳ್ಳೋದು?" ಎಂದರು ಸಾಹೇಬರು.

ಟೈಲರಮ್ಮ ಅವರನ್ನು ಒಳಗೆ ಕರೆದುಕೊಂಡು ಹೋದರು. ಅಡುಗೆಮನೆಯ ಬಾಗಿಲಿಗೂ ಬಚ್ಚಲಿನ ಬಾಗಿಲಿಗೂ ನಡುವಿನ ನೆಲದ ಮೇಲೆ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ ಒಂದು ಚೌಕಟ್ಟು ಬರೆದಿತ್ತು. ಐದು ಅಡಿ ಉದ್ದ, ಎರಡು ಅಡಿ ಅಗಲ. ಗೆರೆ ಒಂದು ನೂಲೆಳೆಯಷ್ಟೂ ಸೊಟ್ಟಗಿರಲಿಲ್ಲ.

"ಐನೂರು ಚದರಡಿ ಮನೆ," ಎಂದರು ಟೈಲರಮ್ಮ. "ಎರಡು ಪರ್ಸೆಂಟು ಹತ್ತು. ಲೆಕ್ಕ ಸರಿ ಇದ್ಯಾ ನೋಡಿ."

ಸಾಹೇಬರು ಮನಸ್ಸಿನಲ್ಲೇ ಗುಣಿಸಿದರು. ಸರಿಯಿತ್ತು. ದಿಂಬು ತಂದು, ಚೌಕಟ್ಟಿನೊಳಗೆ ಇಳಿದು, ಮಲಗಿ ನೋಡಿದರು. ಅವರ ಎತ್ತರ ಐದು ಅಡಿ ಏಳು ಇಂಚು. ಪಾದಗಳು ಗೆರೆ ದಾಟಿ ಬಚ್ಚಲಿನ ಹೊಸ್ತಿಲು ಮುಟ್ಟಿದವು.

"ಕಾಲು ಚಾಚಕ್ಕಾಗಲ್ಲ ಕಣೇ," ಎಂದರು ಮೆಲ್ಲಗೆ. "ತಾರಸಿ, ಮೆಟ್ಟಿಲು, ಮುಂದಿನ ಜಗಲಿ ಎಲ್ಲ ಲೆಕ್ಕಕ್ಕೆ ತಗೊಂಡ್ರೆ ಇನ್ನೊಂದು ಸ್ವಲ್ಪ..."

ಹೊರಗೆ ಗಿರಾಕಿ ಕೂಗಿದರು. ಟೈಲರಮ್ಮ ಟೇಪನ್ನು ಕೊರಳಿಗೆ ಹಾಕಿಕೊಂಡು ಹೊರಟವರು ಬಾಗಿಲಲ್ಲಿ ತಿರುಗಿದರು.

"ತಗೊಳ್ಳಿ. ಹನ್ನೊಂದು ವರ್ಷ ಆದ್ಮೇಲೆ ಕಟ್ಟಿಸೋ ಮನೇನೂ ಸೇರಿಸ್ಕೊಳ್ಳಿ. ಅಲ್ಲೀವರೆಗೆ ಕಾಲು ಮಡಿಚ್ಕೊಂಡಿರಿ."

ಸಾಹೇಬರು ಕಾಲು ಮಡಿಚಿಕೊಂಡರು. ಗೆರೆಯನ್ನು ಎಲ್ಲೂ ಮೀರಲಿಲ್ಲ.